ಐದನೇ ಒಂದು ದೊಡ್ಡದೋ, ಎಂಟನೇ ಒಂದೋ?

ಒಂದು ಸಣ್ಣ ಪ್ರಶ್ನೆ. 5/8 ಮತ್ತು 7/11, ಈ ಎರಡರಲ್ಲಿ ಯಾವುದು ದೊಡ್ಡದು? ಕ್ಯಾಲ್ಕುಲೇಟರ್ ಬೇಡ, ಮೊಬೈಲ್ ಮುಟ್ಟುವ ಹಾಗಿಲ್ಲ. ಹತ್ತು ಸೆಕೆಂಡು ಟೈಮ್.

ಉತ್ತರ ಬಂತಾ? ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಬಿಇ ಸಿವಿಲ್ ಓದುತ್ತಿದ್ದೇನೆ. ನಮ್ಮ ಹಾಸ್ಟೆಲ್‌ನಲ್ಲಿ ಇದೇ ಪ್ರಶ್ನೆ ಕೇಳಿದಾಗ, ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸುವವರೂ ಮೊದಲು ದಿಂಬಿನ ಕೆಳಗೆ ಮೊಬೈಲ್ ಹುಡುಕಿದರು. ಭಿನ್ನರಾಶಿ ಎಂದರೆ ಐದನೇ ಕ್ಲಾಸಿಗೇ ಮುಗಿದ ಪಾಠ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಕ್ಯಾಂಪಸ್ ಆಯ್ಕೆಯ ಆ್ಯಪ್ಟಿಟ್ಯೂಡ್ ಪರೀಕ್ಷೆ ಇರಲಿ, ಬ್ಯಾಂಕ್ ಪರೀಕ್ಷೆ ಇರಲಿ, ಅದು ಬೇರೆ ಬೇರೆ ವೇಷದಲ್ಲಿ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಪರೀಕ್ಷೆ ಆಚೆಗೂ ಅದರ ಕೆಲಸ ಇದೆ. ಮನೆ ಕಟ್ಟುವಾಗ, ಜಮೀನು ಭಾಗವಾಗುವಾಗ ಯಾವ ಪಾಲು ದೊಡ್ಡದು ಎಂದು ಗೊತ್ತಿಲ್ಲದವರು ನಷ್ಟ ಅನುಭವಿಸುತ್ತಾರೆ.

ದೊಡ್ಡ ಸಂಖ್ಯೆಯ ಮೋಸ

ರಜೆಯಲ್ಲಿ ಊರಿಗೆ, ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಗೆ ಹೋದಾಗ ಅಕ್ಕಪಕ್ಕದ ಮಕ್ಕಳು ಹೋಮ್‌ವರ್ಕ್ ಹಿಡಿದು ನಮ್ಮ ಜಗಲಿಗೆ ಬರುತ್ತಾರೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳನ್ನು ‘1/5 ದೊಡ್ಡದೋ, 1/8 ದೊಡ್ಡದೋ’ ಎಂದು ಕೇಳಿದೆ. ‘ಎಂಟೇ ದೊಡ್ಡದಲ್ವಾ ಅಕ್ಕಾ’ ಎಂದಳು. ಸರಿ, ಒಂದು ಚಿಕ್ಕಿ ಇದೆ, ಅದನ್ನು ಐದು ಜನ ಹಂಚಿಕೊಂಡರೆ ನಿನಗೆ ಜಾಸ್ತಿ ಸಿಗುತ್ತಾ, ಎಂಟು ಜನ ಹಂಚಿಕೊಂಡರೋ ಎಂದೆ. ‘ಐದು ಜನಾನೇ ಇರಲಿ ಅಕ್ಕಾ, ಎಂಟು ಜನ ಆದ್ರೆ ಚೂರೇ ಚೂರು ಬರೋದು’ ಎಂದು ನಕ್ಕಳು. ಆಮೇಲೆ ತಾನೇ ಪುಸ್ತಕ ತೆಗೆದು ಉತ್ತರ ತಿದ್ದಿಕೊಂಡಳು.

ಅವಳಿಗೆ ಹಂಚಿಕೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿರದೇ ಇದ್ದದ್ದು, ಪುಸ್ತಕದ 1/8 ಎಂಬುದೂ ಅದೇ ಚಿಕ್ಕಿಯ ಚೂರು ಎನ್ನುವುದು. ಸಂಖ್ಯೆ ದೊಡ್ಡದಾದರೆ ಬೆಲೆಯೂ ದೊಡ್ಡದು ಎಂದು ಒಂದನೇ ಕ್ಲಾಸಿನಿಂದ ಕಲಿತ ಪಾಠವನ್ನು ಮಕ್ಕಳು ಭಿನ್ನರಾಶಿಗೂ ಹಚ್ಚುತ್ತಾರೆ. ಗೆರೆಯ ಮೇಲೆ ಒಂದು, ಕೆಳಗೆ ಒಂದು ಎಂದು ಎರಡು ಬಿಡಿ ಸಂಖ್ಯೆಗಳು ಅವರ ಕಣ್ಣಿಗೆ ಕಾಣುತ್ತವೆ. ಎರಡೂ ಸೇರಿ ಒಂದೇ ಅಳತೆ ಎಂಬುದು ಹೊಳೆಯುವುದಿಲ್ಲ.

ಇದು ನಮ್ಮ ಹಳ್ಳಿ ಮಕ್ಕಳದ್ದು ಮಾತ್ರ ಸಮಸ್ಯೆ ಅಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಿಕಾ ಸಮೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: 12/13 ಮತ್ತು 7/8 ಕೂಡಿದರೆ ಸುಮಾರು ಎಷ್ಟು? ಆಯ್ಕೆಗಳು 1, 2, 19, 21. ಎರಡೂ ಹೆಚ್ಚುಕಡಿಮೆ ಒಂದೊಂದು, ಹಾಗಾಗಿ ಉತ್ತರ 2. ಆದರೆ ಸರಿ ಉತ್ತರ ಕೊಟ್ಟವರು ನೂರಕ್ಕೆ 24 ಮಕ್ಕಳು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದಿದ್ದರು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿ ಯಾವುದೋ ಒಂದನ್ನು ಆರಿಸಿದ್ದರು, ಅಷ್ಟೇ.

ದೊಡ್ಡವರೂ ಇದರಿಂದ ಪಾರಾಗಿಲ್ಲ. 1980ರ ದಶಕದಲ್ಲಿ ಅಮೆರಿಕದ ಎ ಅಂಡ್ ಡಬ್ಲ್ಯೂ ಎಂಬ ಹೋಟೆಲ್ ಸರಣಿಯವರು ಮೆಕ್‌ಡೊನಾಲ್ಡ್ಸ್‌ನ ಕಾಲು ಪೌಂಡ್ ಬರ್ಗರ್‌ಗೆ ಪೈಪೋಟಿಯಾಗಿ 1/3 ಪೌಂಡ್ ಬರ್ಗರ್ ತಂದರು. ಅದು ಓಡಲಿಲ್ಲ. ಯಾಕೆಂದು ಗ್ರಾಹಕರನ್ನೇ ಕೂರಿಸಿ ಕೇಳಿದಾಗ, ‘ನಾಲ್ಕನೇ ಒಂದಕ್ಕಿಂತ ಮೂರನೇ ಒಂದು ಕಡಿಮೆಯಲ್ಲವೇ, ಅದಕ್ಕೂ ಅಷ್ಟೇ ದುಡ್ಡು ಯಾಕೆ ಕೊಡಬೇಕು’ ಎಂದು ಅನೇಕರು ಹೇಳಿದರಂತೆ. ಕಂಪನಿಯ ಅಂದಿನ ಮಾಲೀಕ ಆಲ್ಫ್ರೆಡ್ ಟಾಬ್‌ಮನ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾರೆ.

ನಮ್ಮ ದೇಶದ ಚಿತ್ರಣ ಬೇಕೆಂದರೆ ‘ಅಸರ್’ 2023ರ ವರದಿ ಇದೆ. 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರ ನಡುವೆ ನಡೆದ ಸಮೀಕ್ಷೆಯಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಸರಿಯಾಗಿ ಭಾಗಿಸಿದವರು ಶೇ 43.3 ಮಾತ್ರ. ಭಾಗಾಕಾರವೇ ಬಾರದವರಿಗೆ ಭಿನ್ನರಾಶಿ ಬರುವುದಾದರೂ ಹೇಗೆ? 2012ರಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು ಅಮೆರಿಕ, ಬ್ರಿಟನ್ ಮಕ್ಕಳ ಅಂಕಿಅಂಶ ನೋಡಿ ಹೇಳಿದ್ದೂ ಇದನ್ನೇ. ಪ್ರಾಥಮಿಕ ಶಾಲೆಯಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗೊತ್ತಿತ್ತು ಎನ್ನುವುದರ ಮೇಲೆ ಪ್ರೌಢಶಾಲೆಯ ಗಣಿತ ಹೇಗಿರುತ್ತದೆ ಎಂದು ಅಂದಾಜಿಸಬಹುದು.

ಅಜ್ಜಿಯ ಆಣೆ ಲೆಕ್ಕ

ಇದರಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಇಂಗ್ಲಿಷಿನಲ್ಲಿ 2/3 ಓದುವಾಗ ಮೊದಲು ಎರಡು, ಆಮೇಲೆ ಮೂರು ಬರುತ್ತದೆ. ನಾವು ‘ಮೂರನೇ ಎರಡು’ ಎನ್ನುತ್ತೇವೆ. ಅಂದರೆ ಮೊದಲು ಎಷ್ಟು ಪಾಲು ಮಾಡಿದೆವು, ಆಮೇಲೆ ಎಷ್ಟು ಪಾಲು ತೆಗೆದುಕೊಂಡೆವು. ಹಂಚುವಾಗ ಕೈ ಮಾಡುವ ಕೆಲಸದ ಕ್ರಮವೂ ಇದೇ. ‘ಮೂರನೇ ಎರಡರಷ್ಟು ಬಹುಮತ’ ಎಂದು ಪತ್ರಿಕೆಯಲ್ಲಿ ದಿನಾ ಓದುತ್ತೇವಲ್ಲ, ಅದೂ ಇದೇ ಧಾಟಿ.

ಆ ಬಹುಮತದಲ್ಲೂ ಒಂದು ಹೋಲಿಕೆ ಅಡಗಿದೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದಾಗ ಶಾಸಕಾಂಗ ಪಕ್ಷದ ಮೂರನೇ ಒಂದರಷ್ಟು ಸದಸ್ಯರು ಒಟ್ಟಾಗಿ ಹೊರಬಂದರೆ ಅದನ್ನು ‘ವಿಭಜನೆ’ ಎಂದು ಒಪ್ಪುತ್ತಿದ್ದರು, ಅವರ ಸದಸ್ಯತ್ವ ಉಳಿಯುತ್ತಿತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು ಮೂರನೇ ಎರಡರಷ್ಟು ಸದಸ್ಯರು ಒಪ್ಪಿದರೆ ‘ವಿಲೀನ’ ಎಂಬ ಅವಕಾಶ. 60 ಶಾಸಕರ ಪಕ್ಷದಲ್ಲಿ 20 ಜನ ಸಾಕಾಗುತ್ತಿದ್ದ ಕಡೆ ಈಗ 40 ಜನ ಬೇಕು. ಅಂಶದಲ್ಲಿ ಒಂದು ಹೋಗಿ ಎರಡು ಬಂದದ್ದಕ್ಕೆ ಇಷ್ಟು ವ್ಯತ್ಯಾಸ.

ನಮ್ಮ ಹಿರಿಯರು ಭಿನ್ನರಾಶಿಗಳನ್ನು ಹೋಲಿಸಲು ಕಷ್ಟಪಡುತ್ತಿರಲಿಲ್ಲ. ಹೋಲಿಸಲು ಸುಲಭವಾಗುವ ಹಾಗೆಯೇ ಅಳತೆಗಳನ್ನು ಮಾಡಿಕೊಂಡಿದ್ದರು. ಅರೆ, ಕಾಲು, ಮುಕ್ಕಾಲು ನಮಗೂ ಗೊತ್ತು. ಅರೆಕಾಲು ಎಂದರೆ ಕಾಲಿನ ಅರ್ಧ, 1/8. ವೀಸ ಎಂದರೆ 1/16. ಕಾಣಿ ಎಂದರೆ 1/64. ಹಳೆಯ ಶಾಸನಗಳಲ್ಲೂ ವೀಸ, ಕಾಣಿಗಳ ಲೆಕ್ಕ ಸಿಗುತ್ತದೆ. ಇವೆಲ್ಲ ಎರಡೆರಡಾಗಿ ಸೀಳುತ್ತಾ ಹೋದ ಪಾಲುಗಳು. ಹಾಗಾಗಿ ಮುವ್ವೀಸ ದೊಡ್ಡದೋ ಅರೆಕಾಲು ದೊಡ್ಡದೋ ಎಂದರೆ, ಮೂರು ವೀಸದ ಎದುರು ಎರಡು ವೀಸ ಎಂದು ತಕ್ಷಣ ಹೇಳಬಹುದಿತ್ತು.

ರೂಪಾಯಿಯೂ ಹಾಗೇ ಇತ್ತು. 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ, ಒಟ್ಟು 192 ಪೈ. 3/8 ರೂಪಾಯಿ ಎಂದರೆ ಆರಾಣೆ, 5/16 ರೂಪಾಯಿ ಎಂದರೆ ಐದಾಣೆ. ಯಾವುದು ಜಾಸ್ತಿ ಎಂದು ಕೇಳುವ ಅಗತ್ಯವೇ ಇಲ್ಲ. ರೂಪಾಯಿಯನ್ನು ಮೂವರಿಗೆ ಹಂಚಿದರೂ ಐದಾಣೆ ನಾಲ್ಕು ಪೈ ಎಂದು ಚುಕ್ತಾ ಆಗುತ್ತಿತ್ತು. 1957ರ ಏಪ್ರಿಲ್ 1ರಂದು ನೂರು ಪೈಸೆಯ ರೂಪಾಯಿ ಬಂತು. ಲೆಕ್ಕ ಬರೆಯುವುದು ಸುಲಭವಾಯಿತು, ಆದರೆ ಮೂವರಿಗೆ ಸಮನಾಗಿ ಹಂಚಲು ಹೋದರೆ ಒಂದು ಪೈಸೆ ಉಳಿಯತೊಡಗಿತು. ನಮ್ಮಜ್ಜಿ ಈಗಲೂ ‘ಹದಿನಾರಾಣೆ ನಿಜ’ ಎನ್ನುತ್ತಾರೆ. ಅಂದರೆ 16/16, ಪೂರ್ತಿ ನಿಜ.

ಶಾಲೆಯಲ್ಲಿ ಲ.ಸಾ.ಅ. ತೆಗೆದು ‘ಸಮಛೇದ ಮಾಡು’ ಎಂದು ಹೇಳಿಕೊಡುವುದೂ ಇದೇ ಕೆಲಸ. ಎರಡು ರಾಶಿಗಳನ್ನು ಒಂದೇ ಪಾವಿನಲ್ಲಿ ಅಳೆಯುವುದು, ಅಷ್ಟೇ. ಈ ದಾರಿಯನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಪ್ರಮುಖರೊಬ್ಬರು ನಮ್ಮ ನಾಡಿನವರೇ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಭಿನ್ನರಾಶಿಗಳ ಅಧ್ಯಾಯದ ಹೆಸರು ‘ಕಲಾಸವರ್ಣ’. ಕಲಾ ಎಂದರೆ ಪಾಲು, ಸವರ್ಣ ಎಂದರೆ ಒಂದೇ ಬಣ್ಣದ್ದು. ಬೇರೆ ಬೇರೆ ಬಣ್ಣದ ಪಾಲುಗಳನ್ನು ಒಂದೇ ಬಣ್ಣಕ್ಕೆ ತರುವ ವಿದ್ಯೆ. ಇವತ್ತಿನ ಲ.ಸಾ.ಅ.ಗೆ ಅವನು ಇಟ್ಟ ಹೆಸರು ‘ನಿರುದ್ಧ’. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಈ ಗ್ರಂಥ 1912ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಯಿತು.

ನೂಲು, ಬಾಂಡ್ಲಿ, ನಕ್ಷೆ

ಸಿವಿಲ್ ಓದುವವರಿಗೆ ಕಟ್ಟಡದ ಕೆಲಸ ನಡೆಯುವ ಜಾಗವೇ ಭಿನ್ನರಾಶಿಯ ಲ್ಯಾಬ್. ನಮ್ಮ ಕಡೆ ಬಡಗಿಗಳು, ಕಂಬಿ ಕಟ್ಟುವವರು ಇಂಚನ್ನು ಎಂಟು ನೂಲಾಗಿ ಎಣಿಸುತ್ತಾರೆ. 3/8 ಇಂಚಿನ ಕಂಬಿ ಅವರಿಗೆ ಮೂರು ನೂಲು, ಅರ್ಧ ಇಂಚು ನಾಲ್ಕು ನೂಲು, 5/8 ಇಂಚು ಐದು ನೂಲು. ‘ಅರ್ಧ ಇಂಚು ದಪ್ಪವೋ, 5/8 ಇಂಚು ದಪ್ಪವೋ’ ಎಂದು ಕ್ಲಾಸಿನಲ್ಲಿ ಕೇಳಿದರೆ ತಡವರಿಸುವವರು ಇದ್ದಾರೆ. ಸೈಟ್‌ನಲ್ಲಿ ಶಾಲೆ ಬಿಟ್ಟ ಹುಡುಗನೂ ತಡವರಿಸುವುದಿಲ್ಲ. ಸಮಛೇದ ಅವನ ಮಾತಿನಲ್ಲೇ ಇದೆ.

ಗಾರೆ ಕಲಸುವಾಗ ಇನ್ನೊಂದು ಪಾಠ. ‘ಒಂದಕ್ಕೆ ನಾಲ್ಕು’ ಎಂದರೆ ಒಂದು ಬಾಂಡ್ಲಿ ಸಿಮೆಂಟಿಗೆ ನಾಲ್ಕು ಬಾಂಡ್ಲಿ ಮರಳು. ‘ಒಂದಕ್ಕೆ ಆರು’ ಎಂದರೆ ಆರು ಬಾಂಡ್ಲಿ. ಆರು ದೊಡ್ಡ ಸಂಖ್ಯೆ ಎಂದು ಅದನ್ನು ಗಟ್ಟಿ ಎಂದುಕೊಂಡರೆ ಕೆಟ್ಟಿತು. ಅಷ್ಟೇ ಅಲ್ಲ, ಒಂದಕ್ಕೆ ನಾಲ್ಕು ಎಂದರೆ ಗಾರೆಯಲ್ಲಿ ಸಿಮೆಂಟ್ 1/4 ಅಲ್ಲ. ಒಟ್ಟು ಐದು ಬಾಂಡ್ಲಿಯಲ್ಲಿ ಒಂದು, ಅಂದರೆ 1/5. ಒಂದಕ್ಕೆ ಆರರಲ್ಲಿ 1/7. ಕಾಂಕ್ರೀಟಿನಲ್ಲೂ ಹೀಗೇ. ಎಂ15 ಎನ್ನುವುದು 1:2:4, ಅಂದರೆ ಏಳು ಪಾಲಿನಲ್ಲಿ ಒಂದು ಸಿಮೆಂಟ್. ಎಂ20 ಎನ್ನುವುದು 1:1.5:3, ಅಂದರೆ ಐದೂವರೆ ಪಾಲಿನಲ್ಲಿ ಒಂದು. ಛೇದ ಸಣ್ಣದಾದ ಕಡೆ ಸಿಮೆಂಟ್ ಹೆಚ್ಚು. ಅನುಪಾತವನ್ನೂ ಭಿನ್ನರಾಶಿಯನ್ನೂ ಕಲಸಿಬಿಡುವುದು ಆ್ಯಪ್ಟಿಟ್ಯೂಡ್ ಪರೀಕ್ಷೆಯಲ್ಲಿ ತುಂಬ ಜನ ಬೀಳುವ ಗುಂಡಿ.

ಸರ್ವೆ ಪಾಠದಲ್ಲಿ 1:500 ನಕ್ಷೆ ‘ದೊಡ್ಡ ಮಾನದ’ ನಕ್ಷೆಯೋ, 1:1000 ನಕ್ಷೆಯೋ ಎಂಬ ಪ್ರಶ್ನೆ ವೈವಾದಲ್ಲಿ ಬರುತ್ತದೆ. 1/500 ಎನ್ನುವುದು 1/1000ಕ್ಕಿಂತ ದೊಡ್ಡದು. ಆದ್ದರಿಂದ 1:500 ನಕ್ಷೆಯೇ ದೊಡ್ಡ ಮಾನದ್ದು. 20 ಮೀಟರ್ ಅಗಲದ ಸೈಟು 1:500ರಲ್ಲಿ 4 ಸೆಂ.ಮೀ. ಕಾಣುತ್ತದೆ, 1:1000ರಲ್ಲಿ 2 ಸೆಂ.ಮೀ. ಮಾತ್ರ.

ಒಂಬತ್ತನೇ ಒಂದು

ಜಮೀನಿನ ಲೆಕ್ಕಕ್ಕೆ ಬಂದರೆ ಮಾತು ಗಂಭೀರವಾಗುತ್ತದೆ. ನಮ್ಮ ಬಂಧುಗಳಲ್ಲಿ ಒಬ್ಬರ ಮನೆಯಲ್ಲಿ ಪಾಲು ಮಾಡುವ ಮಾತುಕತೆ ನಡೆಯಿತು. ಪಿತ್ರಾರ್ಜಿತ ಜಮೀನು 4 ಎಕರೆ 20 ಗುಂಟೆ. ತಂದೆ, ತಾಯಿ ಇಬ್ಬರೂ ಇಲ್ಲ. ಇಬ್ಬರು ಅಣ್ಣತಮ್ಮಂದಿರು, ಒಬ್ಬರು ಹೆಣ್ಣುಮಗಳು. ಅವರು ನನಗೆ ಅತ್ತೆಯಾಗಬೇಕು. ‘ನಿನಗೂ ಒಂಬತ್ತನೇ ಒಂದು ಭಾಗ ಬರುತ್ತಮ್ಮ, ಅದರ ದುಡ್ಡು ಕೊಡ್ತೀವಿ, ಸೈನ್ ಹಾಕು’ ಎಂದು ಹಿರಿಯರೊಬ್ಬರು ಹೇಳಿದರು.

ಒಂಬತ್ತು ಎನ್ನುವ ಸಂಖ್ಯೆ ಎಲ್ಲಿಂದ ಬಂತು? ಅದು ಹಳೆಯ ಲೆಕ್ಕ. ಮೊದಲು ಹೆಣ್ಣುಮಕ್ಕಳು ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಪಾಲುದಾರರಾಗಿರಲಿಲ್ಲ. ತಂದೆ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ 1/3 ಎಂದು ಮಾಡಿ, ತಂದೆಯ ಆ 1/3ನ್ನು ಮಾತ್ರ ಮೂವರು ಮಕ್ಕಳಿಗೆ ಹಂಚುತ್ತಿದ್ದರು. 1/3ರಲ್ಲಿ 1/3 ಎಂದರೆ 1/9. ಗಂಡುಮಕ್ಕಳಿಗೆ ತಲಾ 1/3 ಮತ್ತು 1/9, ಒಟ್ಟು 4/9. ಕರ್ನಾಟಕ 1994ರಲ್ಲಿಯೇ ತನ್ನದೇ ತಿದ್ದುಪಡಿ ಜಾರಿಗೆ ತಂದು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಒಳಗೆ ತಂದಿತು. ಅಂದು ತಂದೆ ಬದುಕಿರಲೇಬೇಕು ಎಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ತೀರ್ಪು ನೀಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಪಾಲಾಗಿ ಹೋಗಿದ್ದರೆ ಮಾತ್ರ ಅದನ್ನು ಮತ್ತೆ ತೆರೆಯುವಂತಿಲ್ಲ. ಈ ಮನೆಯಲ್ಲಿ ಪಾಲು ಆಗಿಯೇ ಇರಲಿಲ್ಲ.

ಅತ್ತೆಗೆ ‘ಒಂಬತ್ತನೇ ಒಂದು’, ‘ಮೂರನೇ ಒಂದು’ ಎಂಬ ಎರಡು ಮಾತು ಕಿವಿಗೆ ಬಿದ್ದಿದ್ದವು, ಅವುಗಳ ಅಂತರ ಕಣ್ಣಿಗೆ ಕಂಡಿರಲಿಲ್ಲ. ನಾನು ಪಹಣಿಯ ಜೆರಾಕ್ಸ್ ಹಿಂದೆ ಗುಂಟೆಯಲ್ಲಿ ಬರೆದು ತೋರಿಸಿದೆ. ಎಕರೆಗೆ 40 ಗುಂಟೆ, ಹಾಗಾಗಿ ಒಟ್ಟು 180 ಗುಂಟೆ. ಅದರ ಒಂಬತ್ತನೇ ಒಂದು 20 ಗುಂಟೆ, ಅರ್ಧ ಎಕರೆ. ಮೂರನೇ ಒಂದು 60 ಗುಂಟೆ, ಒಂದೂವರೆ ಎಕರೆ. ಹಳೆ ಲೆಕ್ಕದಲ್ಲಿ ಅಣ್ಣತಮ್ಮಂದಿರಿಗೆ ಎರಡೆರಡು ಎಕರೆ, ಹೊಸ ಲೆಕ್ಕದಲ್ಲಿ ಮೂವರಿಗೂ ಒಂದೂವರೆ.

ಅತ್ತೆ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. ‘ಈವತ್ತು ಸೈನ್ ಹಾಕಲ್ಲ, ವಿಚಾರಿಸಿ ಹೇಳ್ತೀನಿ’ ಎಂದಷ್ಟೇ ಹೇಳಿ ಎದ್ದರು. ಮುಂದೆ ಅವರು ಪಾಲು ಕೇಳುತ್ತಾರೋ, ತವರಿನ ಪ್ರೀತಿ ದೊಡ್ಡದೆಂದು ಬಿಟ್ಟುಕೊಡುತ್ತಾರೋ ಅದು ಅವರ ತೀರ್ಮಾನ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂಬುದು ಗುಂಟೆಯ ಲೆಕ್ಕದಲ್ಲಿ ಗೊತ್ತಿರಬೇಕು. ಇಂಥ ಸಂದರ್ಭದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. ಮನೆಯಲ್ಲಿ ಓದಿದ ಹುಡುಗ ಹುಡುಗಿಯರು ಇದ್ದೂ ಇಷ್ಟು ಲೆಕ್ಕ ಬಿಡಿಸಿ ಹೇಳದಿದ್ದರೆ ನಮ್ಮ ಓದು ಯಾತಕ್ಕೆ?

ಪರೀಕ್ಷಾ ಹಾಲ್‌ನಲ್ಲಿ ಐದು ದಾರಿ

ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಗೆಳೆಯರಿಗೆ. ಎಲ್ಲದಕ್ಕೂ ಲ.ಸಾ.ಅ. ತೆಗೆಯುತ್ತಾ ಕೂತರೆ ಟೈಮ್ ಸಾಲುವುದಿಲ್ಲ. ನಾನು ಈ ಕ್ರಮದಲ್ಲಿ ನೋಡುತ್ತೇನೆ.

1. ಮೇಲೆ ಅಥವಾ ಕೆಳಗೆ ಒಂದೇ ಸಂಖ್ಯೆ ಇದೆಯೇ? ಛೇದ ಒಂದೇ ಆದರೆ ಅಂಶ ದೊಡ್ಡದಿರುವುದು ದೊಡ್ಡದು. ಅಂಶ ಒಂದೇ ಆದರೆ ಛೇದ ಸಣ್ಣದಿರುವುದು ದೊಡ್ಡದು. 3/7 ಎನ್ನುವುದು 3/8ಕ್ಕಿಂತ ದೊಡ್ಡದು. ಚಿಕ್ಕಿ ನೆನಪಿಡಿ.

2. ಅರ್ಧದ ಆಚೆಯೋ ಈಚೆಯೋ? 7/15 ಮತ್ತು 9/17 ನೋಡಿ. 15ರ ಅರ್ಧ ಏಳೂವರೆ, ಹಾಗಾಗಿ 7/15 ಅರ್ಧಕ್ಕಿಂತ ಕಡಿಮೆ. 17ರ ಅರ್ಧ ಎಂಟೂವರೆ, ಹಾಗಾಗಿ 9/17 ಅರ್ಧಕ್ಕಿಂತ ಜಾಸ್ತಿ. ಗುಣಾಕಾರವೇ ಬೇಡ.

3. ಒಂದಕ್ಕೆ ಎಷ್ಟು ಕಡಿಮೆ? 11/12 ಮತ್ತು 13/14. ಮೊದಲನೆಯದು ಪೂರ್ತಿಯಾಗಲು 1/12 ಬೇಕು, ಎರಡನೆಯದಕ್ಕೆ 1/14 ಸಾಕು. ಕೊರತೆ ಕಡಿಮೆ ಇರುವ 13/14 ದೊಡ್ಡದು.

4. ಅಡ್ಡ ಗುಣಾಕಾರ. ಮೊದಲು ಕೇಳಿದ 5/8, 7/11ಕ್ಕೆ ಬರೋಣ. 5ನ್ನು 11ರಿಂದ ಗುಣಿಸಿದರೆ 55. 7ನ್ನು 8ರಿಂದ ಗುಣಿಸಿದರೆ 56. ಆದ್ದರಿಂದ 7/11 ದೊಡ್ಡದು. ಇದು ಮಂತ್ರವೇನಲ್ಲ. ಎರಡಕ್ಕೂ 88 ಎಂಬ ಒಂದೇ ಛೇದ ಕೊಟ್ಟರೆ 55/88 ಮತ್ತು 56/88 ಆಗುತ್ತವೆ. ನಾವು 88 ಬರೆಯುವುದನ್ನು ಬಿಟ್ಟಿದ್ದೇವೆ, ಅಷ್ಟೇ. ಗುಣಲಬ್ಧವನ್ನು ಯಾವಾಗಲೂ ಅಂಶದ ಪಕ್ಕದಲ್ಲೇ ಬರೆದುಕೊಳ್ಳಿ, ಅದಲುಬದಲು ಆಗುವುದು ತಪ್ಪುತ್ತದೆ.

5. ಸಂಖ್ಯೆಗಳು ದೊಡ್ಡದಾದರೆ ಏರಿಕೆಯನ್ನು ನೋಡಿ. 237/415 ಮತ್ತು 254/431. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಮೇಲೆ 17, ಕೆಳಗೆ 16 ಏರಿದೆ. 17/16 ಎಂದರೆ ಒಂದಕ್ಕಿಂತ ಜಾಸ್ತಿ. 237/415 ಒಂದಕ್ಕಿಂತ ಕಡಿಮೆ. ಹಾಗಾಗಿ ಎರಡನೆಯದೇ ದೊಡ್ಡದು. ಡೇಟಾ ಇಂಟರ್‌ಪ್ರಿಟೇಷನ್ ಪ್ರಶ್ನೆಗಳಲ್ಲಿ ಇದು ತುಂಬ ಟೈಮ್ ಉಳಿಸುತ್ತದೆ.

ಐದನೆಯ ದಾರಿಯ ಗುಟ್ಟು ನಮ್ಮ ಅಂಕಪಟ್ಟಿಯಲ್ಲೇ ಇದೆ. ಮೊದಲ ಟೆಸ್ಟ್‌ನಲ್ಲಿ 25ಕ್ಕೆ 18, ಎರಡನೆಯದರಲ್ಲಿ 10ಕ್ಕೆ 8 ಬಂದರೆ ಒಟ್ಟು 35ಕ್ಕೆ 26. ಶೇಕಡಾವಾರು ನೋಡಿದರೆ 72 ಮತ್ತು 80ರ ನಡುವೆ, ಸುಮಾರು 74. ಇರುವುದಕ್ಕಿಂತ ಒಳ್ಳೆಯದು ಸೇರಿದರೆ ಒಟ್ಟು ಮೇಲೇರುತ್ತದೆ, ಕೆಟ್ಟದ್ದು ಸೇರಿದರೆ ಇಳಿಯುತ್ತದೆ. ಮಕ್ಕಳು 2/5ಕ್ಕೆ 1/2 ಕೂಡಿಸಿ 3/7 ಎಂದು ಬರೆಯುತ್ತಾರಲ್ಲ, ಮೊತ್ತವಾಗಿ ಅದು ತಪ್ಪು. ಆದರೆ ಅದು ಯಾವಾಗಲೂ ಆ ಎರಡರ ನಡುವೆಯೇ ಬೀಳುವ ಸಂಖ್ಯೆ. ತಪ್ಪು ಉತ್ತರದಲ್ಲೂ ಒಂದು ಗಣಿತ ಅಡಗಿದೆ ಎಂದು ಹೇಳಿಕೊಟ್ಟರೆ ಮಕ್ಕಳ ಮುಖ ಅರಳುತ್ತದೆ.

ನಿಮ್ಮ ಸರದಿ

ಈ ಭಾನುವಾರ ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಆರು, ಏಳನೇ ಕ್ಲಾಸಿನ ಮಗುವಿನ ಜತೆ ಹತ್ತು ನಿಮಿಷ ಕೂತು ನೋಡಿ. ಒಂದೇ ಉದ್ದದ ನಾಲ್ಕು ಕಾಗದದ ಪಟ್ಟಿ ಕತ್ತರಿಸಿ. ಒಂದನ್ನು ಎರಡಾಗಿ, ಒಂದನ್ನು ಮೂರಾಗಿ, ಒಂದನ್ನು ನಾಲ್ಕಾಗಿ, ಇನ್ನೊಂದನ್ನು ಎಂಟಾಗಿ ಮಡಿಸಿ. ಒಂದರ ಕೆಳಗೆ ಒಂದಿಟ್ಟು ಯಾವ ಪಾಲು ದೊಡ್ಡದು ಎಂದು ಮಗುವಿನ ಬಾಯಲ್ಲೇ ಹೇಳಿಸಿ. ಕಾಸು ಖರ್ಚಿಲ್ಲ. ಪಟ್ಟಿ ಒಂದೇ ಉದ್ದ ಇರಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಸಣ್ಣ ಚಿಕ್ಕಿಯ ಅರ್ಧಕ್ಕೂ ದೊಡ್ಡ ಚಿಕ್ಕಿಯ ಕಾಲಿಗೂ ಹೋಲಿಕೆ ನಡೆಯುವುದಿಲ್ಲ.

ನಿಮಗಾಗಿಯೂ ಮೂರು ಪ್ರಶ್ನೆ ಇಟ್ಟಿದ್ದೇನೆ. 99/100 ಮತ್ತು 100/101ರಲ್ಲಿ ಯಾವುದು ದೊಡ್ಡದು? 8/13 ಮತ್ತು 13/21ರಲ್ಲಿ? ‘ಒಂದಕ್ಕೆ ಮೂರು’ ಗಾರೆಯಲ್ಲಿ ಸಿಮೆಂಟ್ ಎಷ್ಟನೇ ಒಂದು ಭಾಗ? ಮೂರಕ್ಕೂ ಸೇರಿ ಒಂದು ನಿಮಿಷ ಸಾಕು. ಮೊಬೈಲ್ ಚಾರ್ಜಿಗೆ ಹಾಕಿ ಆಮೇಲೆ ಶುರು ಮಾಡಿ.